ಗಮ್ ಸಾಕಾ, ಸ್ಕ್ರೂನೂ ಬೇಕಾ? (ಅಂಗಡಿ ಲೆಕ್ಕ, ಭಾಗ 7)

ಫೋಟೋದಲ್ಲಿರೋ ಮಡಚಿಹೋದ ಶೀಟ್ ನೋಡಿದ್ರಾ? ಇದು ಎಸಿಪಿ. ಎರಡು ತೆಳು ಅಲ್ಯೂಮಿನಿಯಂ ಹಾಳೆ, ಮಧ್ಯೆ ಪ್ಲಾಸ್ಟಿಕ್. ಮೊಬೈಲ್ ಅಂಗಡಿ, ಬಟ್ಟೆ ಅಂಗಡಿ ಮುಂದೆ ಹೊಳೆಯೋ ಬೋರ್ಡ್‌ಗಳಲ್ಲಿ ಬಹಳಷ್ಟು ಇದೇ. ಕಾಲೇಜ್ ಮುಗಿಸಿ ನಾನು ಚಿಕ್ಕಪ್ಪನ ಬೋರ್ಡ್ ಅಂಗಡಿಯಲ್ಲಿ ಬಿಲ್ ಬರೀತೀನಿ ಅಂತ ಹಳೇ ಫಾಲೋವರ್ಸ್‌ಗೆ ಗೊತ್ತು.

ಮಾರ್ಚ್‌ನಲ್ಲಿ ಒಬ್ಬ ಗಿರಾಕಿ ಬಂದ್ರು. "ಸ್ಕ್ರೂ ತಲೆ ಕಾಣಬಾರದು, ಲುಕ್ ಹಾಳಾಗುತ್ತೆ. ರೇಟೂ ಸ್ವಲ್ಪ ಕಮ್ಮಿ ಮಾಡಿ" ಅಂದ್ರು. ಕೊಟೇಶನ್‌ನಲ್ಲಿ ಸ್ಕ್ರೂ ಮತ್ತು ಅದರ ಕೂಲಿಯ ಸಾಲು ಹೊಡೆದುಹಾಕಿದ್ದು ನಾನೇ. ಬರೀ ಡಬಲ್ ಟೇಪ್, ಸಿಲಿಕಾನ್. ಮೇ ತಿಂಗಳ ಗಾಳಿಮಳೆಗೆ ಒಂದು ಮೂಲೆ ಎದ್ದಿತು. ಆಮೇಲೆ ಇಡೀ ಶೀಟ್ ಕಿತ್ತುಕೊಂಡು ಕೆಳಗಿದ್ದ ಸ್ಕೂಟಿ ಸೀಟ್ ಮೇಲೆ ಬಿತ್ತು. ಸ್ಕೂಟಿಯ ಹುಡುಗಿ ಆಗಷ್ಟೇ ಇಳಿದು ಒಳಗೆ ಹೋಗಿದ್ದಳು. ಚಿಕ್ಕಪ್ಪ ಬೈಯಲಿಲ್ಲ. ಅದೇ ಜಾಸ್ತಿ ಕಷ್ಟ ಆಯ್ತು.

ಅವತ್ತಿಂದ ಇದನ್ನೇ ಓದ್ತಾ ಇದೀನಿ. ಮೊದಲೇ ಹೇಳ್ತೀನಿ, ಗಮ್ ಕೆಟ್ಟದ್ದಲ್ಲ. ಅಂಟಿಸಿದರೆ ಭಾರ ಇಡೀ ಜಾಗಕ್ಕೆ ಹರಡುತ್ತೆ. ಬೋಲ್ಟ್ ಹಾಕೋಕೆ ತೂತು ಕೊರೀಬೇಕು, ಒತ್ತಡ ಎಲ್ಲ ಆ ತೂತಿನ ಸುತ್ತ ಸೇರುತ್ತೆ. ಕಾರ್ಬನ್ ಫೈಬರ್ ಆದರೆ ಅದರ ಎಳೆಗಳೇ ತುಂಡಾಗುತ್ತವೆ. ಆದರೆ ಗಮ್‌ಗೆ ಒಂದು ದೌರ್ಬಲ್ಯ ಇದೆ. ಸ್ಟಿಕ್ಕರನ್ನ ಅಡ್ಡಕ್ಕೆ ಎಳೆದರೆ ಬರಲ್ಲ, ಮೂಲೆ ಎತ್ತಿ ಸುಲಿದರೆ ಸಲೀಸಾಗಿ ಬರುತ್ತೆ. ಅಂಟಿಸೋ ಮುಂಚೆ ಧೂಳು, ಎಣ್ಣೆ ಒರೆಸದಿದ್ದರೆ ಮೊದಲ ದಿನವೇ ಅರ್ಧ ಬಲ ಹೋದಂಗೆ. ಆಮೇಲೆ ನೀರು, ಬಿಸಿಲು. ಬೋಲ್ಟ್ ಸಡಿಲ ಆದರೆ ಸ್ಪ್ಯಾನರ್‌ಗೆ ಗೊತ್ತಾಗುತ್ತೆ. ಗಮ್ ಒಳಗೇ ಬಿಟ್ಟುಕೊಂಡರೆ ಹೊರಗಿಂದ ಏನೂ ಕಾಣಲ್ಲ.

ಇದು ಬೋರ್ಡ್ ವಿಷಯ ಮಾತ್ರ ಅಲ್ಲ. 1988ರ ಏಪ್ರಿಲ್ 28, ಹವಾಯಿ. ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737, ಸುಮಾರು 24,000 ಅಡಿ ಎತ್ತರ. ವಿಮಾನದ ಮುಂಭಾಗದ ಚಾವಣಿ ಸುಮಾರು 18 ಅಡಿ ಉದ್ದಕ್ಕೆ ಹಾರಿಹೋಯ್ತು. ಒಬ್ಬ ಗಗನಸಖಿ ಸತ್ತರು. ಉಳಿದ 94 ಜನರನ್ನ ಪೈಲಟ್‌ಗಳು ಮಾವಿ ದ್ವೀಪದಲ್ಲಿ ಇಳಿಸಿದರು. ಆ ವಿಮಾನದ ಅಲ್ಯೂಮಿನಿಯಂ ಹಾಳೆಗಳನ್ನ ಅಂಟಿಸಿ, ಮೇಲೆ ರಿವೆಟ್ ಹೊಡೆದಿದ್ದರು. ಅಂಟು ತೇವಕ್ಕೆ ಬಿಟ್ಟುಕೊಂಡಿತು, ತುಕ್ಕು ಹಿಡೀತು. ಭಾರ ಎಲ್ಲ ರಿವೆಟ್ ಮೇಲೆ ಬಿತ್ತು. ತೂತಿನಿಂದ ತೂತಿಗೆ ಬಿರುಕು ಬೆಳೀತು.

ಬಿಕಾಂನವರಿಗೆ ಇಲ್ಲೊಂದು ಪಾಠ ಇದೆ. ವಿಮಾನಕ್ಕೆ ವಯಸ್ಸು 19 ವರ್ಷ. ಆದರೆ ದ್ವೀಪದಿಂದ ದ್ವೀಪಕ್ಕೆ ಸಣ್ಣ ಸಣ್ಣ ಹಾರಾಟ ಮಾಡಿ ಮಾಡಿ ಒಟ್ಟು 89,680 ಹಾರಾಟ ಆಗಿತ್ತು. ಪ್ರತಿ ಸಲ ಮೇಲೇರಿದಾಗ ಒಳಗಿನ ಗಾಳಿ ಒತ್ತಡಕ್ಕೆ ಹಾಳೆ ಉಬ್ಬಬೇಕು, ಇಳಿದಾಗ ಕುಗ್ಗಬೇಕು. ನಾವು ಕ್ಲಾಸಲ್ಲಿ ಡಿಪ್ರಿಸಿಯೇಶನ್‌ನ ವರ್ಷದ ಲೆಕ್ಕದಲ್ಲಿ ಹಾಕ್ತೀವಿ. ಜಾಯಿಂಟ್ ಸವೆಯೋದು ಬಳಕೆಯ ಲೆಕ್ಕದಲ್ಲಿ.

"ಗಮ್ಮೂ ಸ್ಕ್ರೂನೂ ಅಂದ್ರೆ ಡಬಲ್ ಖರ್ಚಲ್ವಾ?" ಅಂತ ನೀವು ಕೇಳಬಹುದು. ಹೌದು, ಖರ್ಚೇ. ಆದರೆ ವಿಮಾನ ಮಾಡೋ ಎಂಜಿನಿಯರ್‌ಗಳೂ ಅಂಟಿಸಿದ ಕಾಂಪೊಸಿಟ್ ಮೇಲೆ ಭಯಕ್ಕೆ ಅಂತಲೇ ರಿವೆಟ್ ಹಾಕ್ತಾರೆ. ಅದಕ್ಕೆ ಅವರೇ ಇಟ್ಟಿರೋ ತಮಾಷೆ ಹೆಸರು 'ಚಿಕನ್ ರಿವೆಟ್', ಅಂದ್ರೆ ಪುಕ್ಕಲರ ರಿವೆಟ್! ಅವರೇ ಹೆದರುವಾಗ ನಾನು ಯಾವ ಧೈರ್ಯದ ಮೇಲೆ ಆ ಸಾಲು ಹೊಡೆದೆ? ನನ್ನ ಅಭಿಪ್ರಾಯ ಇಷ್ಟೇ: ತಲೆ ಮೇಲೆ ನೇತಾಡೋ ಯಾವುದಕ್ಕೂ ಗಮ್ ಜೊತೆ ಸ್ಕ್ರೂ ಇರಲಿ, ವರ್ಷಕ್ಕೊಮ್ಮೆ ಮಳೆಗಾಲದ ಮುಂಚೆ ಏಣಿ ಹಾಕಿ ಮುಟ್ಟಿ ನೋಡಲಿ. ಈಗ ನಮ್ಮ ಕೊಟೇಶನ್‌ನಲ್ಲಿ ಎರಡೂ ಇವೆ. ಬೇಡ ಅಂದವರಿಗೆ ಬೋರ್ಡ್ ಹಾಕಲ್ಲ. ಈ ತಿಂಗಳು ಇಬ್ಬರು ಎದ್ದು ಹೋದರು, ಹೋಗಲಿ.

ಇನ್ನೊಂದು ಮಾತು. ಆ ವಿಮಾನ ಹತ್ತುವಾಗ ಒಬ್ಬ ಪ್ರಯಾಣಿಕರು ಬಾಗಿಲ ಹತ್ತಿರ ಬಿರುಕು ನೋಡಿದ್ದರಂತೆ, ಯಾರಿಗೂ ಹೇಳಲಿಲ್ಲ. ನಾಳೆ ಬಸ್ ಸ್ಟಾಪಲ್ಲಿ ನಿಂತಾಗ ತಲೆ ಎತ್ತಿ ನೋಡಿ. ಮೂಲೆ ಎದ್ದ ಬೋರ್ಡ್ ಕಂಡರೆ ಸ್ಟೋರಿ ಆಮೇಲೆ ಹಾಕಿ, ಮೊದಲು ಅಂಗಡಿಯವರಿಗೆ ಹೇಳಿ. ಅವರು ಏನಂದ್ರು ಅಂತ ಕಮೆಂಟಲ್ಲಿ ಬರೀರಿ.