ಪ್ರಯೋಗಶಾಲೆಗಳೂ ತಮ್ಮ ಖಾತೆ ತೆರೆಯಲಿ

ಸೌದೆ, ಕಲ್ಲಿದ್ದಲು ಉರಿಸುವ ಬೇಕರಿ ಮತ್ತು ಹೋಟೆಲುಗಳು ಆರು ತಿಂಗಳೊಳಗಾಗಿ ಗ್ಯಾಸಿಗೋ ಬೇರಾವುದಾದರೂ ಶುದ್ಧ ಇಂಧನಕ್ಕೋ ಬದಲಾಗತಕ್ಕದ್ದೆಂದು ಮುಂಬಯಿಯ ಉಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ಆಜ್ಞಾಪಿಸಿತು. ಒಲೆಯ ಮುಂದೆ ನಿಂತು ದುಡಿಯುವ ನಮ್ಮ ವಾಚಕರಿಗೆ ಈ ಆಜ್ಞೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ನಾವು ವಿರೋಧಿಸುವವರಲ್ಲ. ಒಲೆಯ ಹೊಗೆ ಊರಿನ ಗಾಳಿಯನ್ನು ಸೇರುವ ಮೊದಲು ಕೆಲಸಗಾರನ ಎದೆಯನ್ನು ಸೇರುತ್ತದೆಂಬುದನ್ನು ನಾವು ಬಲ್ಲೆವು. ಆದರೆ ಬಡವನ ಒಲೆಯ ಲೆಕ್ಕ ಕೇಳುವ ಸಮಾಜವು ವಿದ್ಯಾವಂತರ ಮನೆಯ ಲೆಕ್ಕವನ್ನೂ ಕೇಳುವುದು ನ್ಯಾಯವಲ್ಲವೆ?

ಧಾರಾವಿಯ ಹೊಗೆ ಕಣ್ಣಿಗೆ ಕಾಣುತ್ತದೆ. ಕುಂಭಾರವಾಡೆಯ ಆವಿಗೆ ಹೊತ್ತಿದಾಗ ಓಣಿಯೆಲ್ಲ ಕಪ್ಪಾಗುತ್ತದೆ; ದೂರು ಕೊಡುವವರಿಗೆ ಬೆರಳು ತೋರಿಸುವುದು ಸುಲಭ. ಇಲ್ಲಿಂದ ರೈಲು ಹಳಿ ದಾಟಿ ಮಾಟುಂಗಾಕ್ಕೆ ಹೋದರೆ ಎರಡು ಹಿರಿಯ ವಿದ್ಯಾಸಂಸ್ಥೆಗಳಿವೆ. 1887ರಲ್ಲಿ ಸ್ಥಾಪಿತವಾದ ವಿ.ಜೆ.ಟಿ.ಐ. ಒಂದು, ಮುಂಬಯಿ ವಿಶ್ವವಿದ್ಯಾನಿಲಯದ ವಿಭಾಗವಾಗಿ 1933ರಲ್ಲಿ ಆರಂಭಗೊಂಡು ಇಂದು ಸ್ವತಂತ್ರವಾಗಿ ನಡೆಯುತ್ತಿರುವ ರಸಾಯನ ತಂತ್ರಜ್ಞಾನ ಸಂಸ್ಥೆ ಇನ್ನೊಂದು. ದೇಶದ ಉದ್ಯಮಗಳಿಗೆ ಇವು ಸಲ್ಲಿಸಿದ ಸೇವೆ ದೊಡ್ಡದು. ಇವುಗಳ ಮೇಲೆ ಹೊಗೆ ಕಾಣುವುದಿಲ್ಲ. ಹಾಗೆಂದು ಯಾವ ಪ್ರಯೋಗಶಾಲೆಗೂ ಹೊಗೆಯಿಲ್ಲವೆಂದಲ್ಲ. ಅದರ ಹೊಗೆ ವಿದ್ಯುತ್ ತಂತಿಯ ಇನ್ನೊಂದು ತುದಿಯಲ್ಲಿ, ಟ್ರಾಂಬೆ ಡಹಾಣುಗಳಂಥ ಉಷ್ಣ ವಿದ್ಯುದಾಗಾರಗಳಲ್ಲಿ ಏಳುತ್ತದೆ.

ಇದು ಎಷ್ಟೆಂದು ತಿಳಿಯಲು ಒಂದು ಸಣ್ಣ ಲೆಕ್ಕ ಮಾಡೋಣ. ಜೀವವಿಜ್ಞಾನದ ಪ್ರಯೋಗಶಾಲೆಗಳಲ್ಲಿ ಮಾದರಿಗಳನ್ನು ಕಾಪಾಡಲು ಶೂನ್ಯಕ್ಕಿಂತ 80 ಡಿಗ್ರಿ ಕೆಳಗಿನ ಶೈತ್ಯದ ಪೆಟ್ಟಿಗೆಗಳಿರುತ್ತವೆ. ಇಂಥ ಪೆಟ್ಟಿಗೆಯೊಂದು ದಿನಕ್ಕೆ 20 ಯೂನಿಟ್ ವಿದ್ಯುತ್ತನ್ನು ನುಂಗುತ್ತದೆಂದು ಹಿಡಿದರೆ ವರ್ಷಕ್ಕೆ 7,300 ಯೂನಿಟ್ ಆಯಿತು. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ 0.7 ಕಿಲೋದಷ್ಟು ಇಂಗಾಲಾಮ್ಲ, ಅಂದರೆ ಕಾರ್ಬನ್ ಡೈ ಆಕ್ಸೈಡ್, ಗಾಳಿಯನ್ನು ಸೇರುತ್ತದೆ. ವರ್ಷದ ಒಟ್ಟು 5 ಟನ್ನಿಗೂ ಮಿಕ್ಕಿತು. ಹೋಟೆಲಿನ 19 ಕಿಲೋದ ಸಿಲಿಂಡರು ಪೂರ್ತಿ ಉರಿದರೆ ಹೊರಡುವುದು ಸುಮಾರು 57 ಕಿಲೋ. ಎಂದಮೇಲೆ ಮೂಲೆಯಲ್ಲಿ ಸುಮ್ಮನೆ ನಿಂತ ಆ ಒಂದು ಪೆಟ್ಟಿಗೆ ಸುಮಾರು 90 ಸಿಲಿಂಡರುಗಳಿಗೆ ಸಮಾನ! ಸಣ್ಣ ಹೋಟೆಲಿನ ಮಾಲಿಕನು ತಾನು ಉರಿಸಿದ ಸಿಲಿಂಡರುಗಳನ್ನು ಬೆರಳ ತುದಿಯಲ್ಲಿ ಎಣಿಸಿ ಹೇಳಬಲ್ಲನು. ತನ್ನ ಪೆಟ್ಟಿಗೆಗಳ ಲೆಕ್ಕವನ್ನು ಅಷ್ಟೇ ಬೇಗ ಹೇಳಬಲ್ಲ ಪ್ರಾಧ್ಯಾಪಕರು ಎಷ್ಟು ಮಂದಿ?

ರಾಸಾಯನಿಕ ಪ್ರಯೋಗಶಾಲೆಗಳಲ್ಲಿ ವಿಷವಾಯುವನ್ನು ಹೊರಗೆಳೆಯುವ ಗಾಜಿನ ಕಪಾಟುಗಳಿರುತ್ತವೆ. ನಮ್ಮ ಅಡಿಗೆಮನೆಯ ಚಿಮಣಿಯಂತೆಯೇ ಇವುಗಳ ಕೆಲಸ. ಕೆಲಸ ನಡೆದಿರುವಾಗ ಇವು ಪ್ರಾಣರಕ್ಷಕಗಳು. ಆದರೆ ರಾತ್ರಿ ಯಾರೂ ಇಲ್ಲದಾಗ ಬಾಗಿಲು ತೆರೆದೇ ಇದ್ದರೆ, ಹಣ ಸುರಿದು ತಂಪುಗೊಳಿಸಿದ ಗಾಳಿಯನ್ನೆಲ್ಲ ಎಳೆದೆಳೆದು ಬೀದಿಗೆ ಚೆಲ್ಲುತ್ತವೆ. ಒಲೆ ಆರಿದ ಮೇಲೆ ಪಂಖಾ ತಿರುಗುತ್ತಿದ್ದರೆ ಹೋಟೆಲಿನ ಹುಡುಗನಿಗೆ ಬೈಗುಳ ತಪ್ಪದು.

ಪರದೇಶಗಳಲ್ಲಿ ಈ ಲೆಕ್ಕಕ್ಕೆ ಕೈಹಾಕಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜು 2018ರಲ್ಲಿ ಪ್ರಯೋಗಶಾಲೆಗಳ ಮಿತವ್ಯಯವನ್ನು ಅಳೆಯುವ ಕ್ರಮವೊಂದನ್ನು ಪರೀಕ್ಷೆಗಿಟ್ಟಿತು. ಫ್ರಾನ್ಸಿನ ಸಂಶೋಧಕರು 2019ರಿಂದ ಒಟ್ಟುಗೂಡಿ ತಮ್ಮ ಪ್ರಯೋಗಶಾಲೆಗಳ ‘ಇಂಗಾಲದ ಹೆಜ್ಜೆಗುರುತ’ನ್ನು ತಾವೇ ಎಣಿಸತೊಡಗಿದರು. ಇಂಥ ಎಣಿಕೆಗೆ ಮೂರು ಖಾತೆಗಳು: ಸ್ವತಃ ಉರಿಸಿದ್ದು, ಕೊಂಡ ವಿದ್ಯುತ್ತಿನದು, ಉಳಿದ ಸಾಮಾನು, ಯಂತ್ರ, ವಿಮಾನ ಪ್ರಯಾಣಗಳದು. ಲೆಕ್ಕ ಮಾಡಿ ನೋಡಿದಾಗ ಅನೇಕ ಕಡೆ ಮೂರನೆಯ ಖಾತೆಯೇ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಜಗತ್ತಿನ ಜೀವವಿಜ್ಞಾನ ಪ್ರಯೋಗಶಾಲೆಗಳು 2014ರಲ್ಲಿ ಸುಮಾರು 55 ಲಕ್ಷ ಟನ್ ಪ್ಲಾಸ್ಟಿಕ್ ಕಸವನ್ನು ಹೊರಹಾಕಿರಬೇಕೆಂದು ಇಂಗ್ಲೆಂಡಿನ ವಿಜ್ಞಾನಿಗಳು ಅಂದಾಜು ಮಾಡಿದರು. ಪ್ಲಾಸ್ಟಿಕ್ಕನ್ನು ಹೆಕ್ಕಿ, ತೊಳೆದು, ಕರಗಿಸಿ ಮತ್ತೆ ಬಳಕೆಗೆ ತರುವ ಧಾರಾವಿಯ ಕೈಗಳಿಗೆ ಈ ತೂಕದ ಅರ್ಥ ಗೊತ್ತು.

ಸಂಶೋಧನೆಗೆ ಅಡ್ಡಿಯಾದೀತೆಂದು ಕೆಲವರು ಆಕ್ಷೇಪಿಸಬಹುದು. ಒಂದು ಔಷಧಿಯಿಂದ ಲಕ್ಷ ಜೀವಗಳು ಉಳಿಯುವಾಗ ಯೂನಿಟ್ ಎಣಿಸುವುದು ಜಿಪುಣತನವಲ್ಲವೆ, ಎಂದಾರು. ಈ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಲೆಕ್ಕವಿಡುವುದು ಶಿಕ್ಷೆಯಲ್ಲ. ಆ ಶೈತ್ಯಪೆಟ್ಟಿಗೆಯನ್ನು 80ರ ಬದಲು 70 ಡಿಗ್ರಿ ಕೆಳಗೆ ಇಟ್ಟರೆ ಕಾಲುಭಾಗದಷ್ಟು ವಿದ್ಯುತ್ತು ಉಳಿಯುತ್ತದೆ. ಬಹಳಷ್ಟು ಮಾದರಿಗಳಿಗೆ ಯಾವ ಹಾನಿಯೂ ಇಲ್ಲ. ಉಳಿದ ಹಣದಿಂದ ಒಬ್ಬ ಬಡ ವಿದ್ಯಾರ್ಥಿಗೆ ನೆರವಾಗಬಹುದು. ಕಾಪಾಡಬೇಕಾದುದನ್ನು ಕಾಪಾಡಿ, ಪೋಲನ್ನು ಮಾತ್ರ ನಿಲ್ಲಿಸಿರೆಂದಷ್ಟೇ ನಮ್ಮ ವಿನಂತಿ.

ಮುಂಬಯಿ ಮಹಾನಗರಪಾಲಿಕೆಯು 2022ರ ಮಾರ್ಚಿನಲ್ಲಿ ಹವಾಮಾನ ಯೋಜನೆಯನ್ನು ಪ್ರಕಟಿಸಿ, 2050ರೊಳಗೆ ಶಹರದ ನಿವ್ವಳ ಇಂಗಾಲವನ್ನು ಶೂನ್ಯಕ್ಕಿಳಿಸುವ ಗುರಿಯಿಟ್ಟಿತು. ಷೇರುಪೇಟೆಯ ದೊಡ್ಡ ಕಂಪನಿಗಳು ಈ ಬಗ್ಗೆ ವರ್ಷಕ್ಕೊಮ್ಮೆ ವರದಿ ಕೊಡಬೇಕೆಂದು ಸೆಬಿ ವಿಧಿಸಿದೆ. ಬೆಂಗಳೂರಿನ ನ್ಯಾಕ್ ಸಂಸ್ಥೆಯೂ ಕಾಲೇಜುಗಳಿಗೆ ದರ್ಜೆ ಕೊಡುವಾಗ ಹಸಿರು ಪರಿಶೋಧನೆಯನ್ನು ಕೇಳುವುದುಂಟು. ಆದರೆ ಇಡೀ ಆವರಣಕ್ಕೆ ಒಂದೇ ಮೊತ್ತ ಬರೆದರೆ ಪೋಲು ಎಲ್ಲಿದೆಯೆಂದು ತಿಳಿಯುವುದು ಹೇಗೆ? ಆದುದರಿಂದ ಪ್ರತಿ ಪ್ರಯೋಗಶಾಲೆಗೂ ಪ್ರತ್ಯೇಕ ಮೀಟರು ಇರಲಿ. ಖರೀದಿ, ಪ್ರಯಾಣಗಳ ಲೆಕ್ಕ ಅದರೊಡನೆ ಸೇರಲಿ. ವಾರ್ಷಿಕ ವರದಿಯಲ್ಲಿ ಅದು ಎಲ್ಲರ ಕಣ್ಣಿಗೂ ಬೀಳಲಿ.

ಇದಕ್ಕೆ ಹೊಸ ವಿಜ್ಞಾನವೇನೂ ಬೇಡ. ವಿದ್ಯುತ್ತಿನ ಬಿಲ್ಲು ಗುಮಾಸ್ತರ ಮೇಜಿನ ಮೇಲಿದೆ. ಸಾಮಾನಿನ ವಹಿ ಉಗ್ರಾಣದಲ್ಲಿದೆ. ರಾತ್ರಿ ಯಾವ ಯಂತ್ರ ವೃಥಾ ಓಡುತ್ತದೆಂಬುದು ಕಾವಲುಗಾರನಿಗೆ ಗೊತ್ತಿದೆ. ಕಚೇರಿಗಳಲ್ಲಿ ದುಡಿಯುವ ನಮ್ಮ ಬಂಧುಗಳು ಇದನ್ನು ಬಲ್ಲರು. ಈ ಚಿಕ್ಕ ನೌಕರರನ್ನು ಕೇಳದೆ ಮಾಡಿದ ಲೆಕ್ಕ ಅರೆಬರೆಯಾದೀತು. ಉಳಿತಾಯದ ಹೆಸರಿನಲ್ಲಿ ಅವರ ಪಂಖಾ ನಿಲ್ಲಿಸಿ ಮೇಲಿನವರ ಪೆಟ್ಟಿಗೆಗಳನ್ನು ಹಾಗೆಯೇ ಬಿಟ್ಟರೆ ಅದು ಲೆಕ್ಕವೇ ಅಲ್ಲ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ ಸುರಿದು ಮೀಠಿ ನದಿ ಉಕ್ಕಿದಾಗ ನೀರು ತಗ್ಗಿನ ಮನೆಗಳನ್ನೇ ಮೊದಲು ಹೊಕ್ಕಿತು. ಭೂಮಿ ಕಾದಷ್ಟೂ ಇಂಥ ಭಾರಿ ಮಳೆಗಳು ಹೆಚ್ಚುವುವೆಂದು ಎಚ್ಚರಿಸುತ್ತಿರುವವರು ವಿಜ್ಞಾನಿಗಳೇ. ಅವರ ಮಾತನ್ನು ನಾವು ನಂಬುತ್ತೇವೆ. ನಂಬಿದ್ದರಿಂದಲೇ ಅವರ ಮನೆಯ ಖಾತೆಯನ್ನೂ ನೋಡಬಯಸುತ್ತೇವೆ.