ಕೈಗೆ ಕೆಲಸ, ಮನಸ್ಸಿಗೆ ವಿಶ್ರಾಂತಿ

ಬೆಳಗಿನಿಂದ ರಾತ್ರಿವರೆಗೆ ನಾವು ಮಾಡುವ ಕೆಲಸಗಳನ್ನು ಒಮ್ಮೆ ಲೆಕ್ಕ ಹಾಕಿ ನೋಡಿ, ಸೋದರಿಯರೇ. ಮಾಡಿದ ಅಡಿಗೆ ಊಟಕ್ಕೇ ಮುಗಿಯಿತು. ಗುಡಿಸಿದ ನೆಲ ಸಂಜೆಗೆ ಮತ್ತೆ ಧೂಳು. ಒಗೆದ ಬಟ್ಟೆ ನಾಳೆ ಮತ್ತೆ ಬಚ್ಚಲಿಗೆ. ದಿನವಿಡೀ ದುಡಿದರೂ "ಇದು ನಾನು ಮಾಡಿದ್ದು" ಅಂತ ತೋರಿಸಲು ಏನೂ ಉಳಿಯುವುದಿಲ್ಲ. ಉಲ್ಲನ್ ಹೆಣಿಗೆ ಹಾಗಲ್ಲ. ಇವತ್ತು ಹೆಣೆದ ನಾಲ್ಕು ಸಾಲು ನಾಳೆಯೂ ಕಡ್ಡಿಯ ಮೇಲೆ ಹಾಗೇ ಇರುತ್ತದೆ.

ಸ್ವೆಟರ್ ಆದರೆ ಅಳತೆ, ತೋಳು, ಕುತ್ತಿಗೆ ಅಂತ ತಲೆಬಿಸಿ. ಹೊದಿಕೆಗೆ ಅದೊಂದೂ ಇಲ್ಲ. ಎಲ್ಲಾ ಸಾಲೂ ಸೀದಾ ಹೆಣಿಗೆ. ಕೈಗೆ ಅಭ್ಯಾಸವಾದರೆ ಮನಸ್ಸಿಗೆ ಪೂರ್ತಿ ಬಿಡುವು.

ಎರಡು ವರ್ಷದ ಹಿಂದೆ ನಮ್ಮ ಅತ್ತೆಯವರು ಲಕ್ವ ಹೊಡೆದು ಹಾಸಿಗೆ ಹಿಡಿದರು. ರಾತ್ರಿ ಎರಡು ಮೂರು ಸಲ ಏಳಬೇಕು, ಎದ್ದ ಮೇಲೆ ನಿದ್ದೆ ಹತ್ತದು. ಮನಸ್ಸಿನಲ್ಲಿ ಸಿಟ್ಟು; ಯಾರ ಮೇಲೆ ಅಂತ ಹೇಳಲೂ ಆಗದು. ಆಗ ಅವರ ಮಂಚದ ಪಕ್ಕ ಕೂತು ಚೌಕಗಳನ್ನು ಹೆಣೆಯತೊಡಗಿದೆ. ಹತ್ತು ಸಾಲು ಆಗುವಷ್ಟರಲ್ಲಿ ಉಸಿರು ನಿಧಾನವಾಗುತ್ತಿತ್ತು, ಬಿಗಿದ ಭುಜ ಸಡಿಲವಾಗುತ್ತಿತ್ತು. ಅತ್ತೆ ಸ್ವಾಧೀನವಿರುವ ಕೈಯಿಂದ ಚೌಕ ಮುಟ್ಟಿ, "ಇವತ್ತಿಗೆ ಎಷ್ಟಾಯ್ತೇ?" ಅಂತ ತೊದಲುತ್ತಾ ಕೇಳೋರು. ಔಷಧಿ, ಗಂಜಿ ಬಿಟ್ಟರೆ ಬೇರೆ ಮಾತಿಲ್ಲದ ನಮ್ಮಿಬ್ಬರಿಗೆ ಅದೊಂದು ಮಾತಾಯಿತು. ಈಗ ಆ ಹೊದಿಕೆಯನ್ನು ಅವರೇ ಹೊದೆಯುತ್ತಾರೆ.

ಇದು ನನ್ನೊಬ್ಬಳ ಅನುಭವವಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇರೆ ಬೇರೆ ದೇಶಗಳ 3,545 ಮಂದಿ ಹೆಣಿಗೆಯವರನ್ನು ವಿಚಾರಿಸಿದ್ದರು. ಪದೇ ಪದೇ ಹೆಣೆಯುವವರೇ ಹೆಚ್ಚು ಶಾಂತಿ, ಸಂತೋಷ ಕಂಡಿದ್ದಾಗಿ ಹೇಳಿದ್ದರು.

ಮಾಡುವ ಕ್ರಮ ಸುಲಭ. 40 ಮನೆ ಹಾಕಿ, 80 ಸಾಲು ಸೀದಾ ಹೆಣೆದರೆ ಹೆಚ್ಚುಕಡಿಮೆ ಒಂದು ಚೌಕ. ಮೂಲೆಯಿಂದ ಮೂಲೆಗೆ ಮಡಚಿ ನೋಡಿ, ಅಂಚು ಸರಿಯಾಗಿ ಕೂತರೆ ಮುಗಿಸಿ. ಪ್ರತಿ ಸಾಲಿನ ಮೊದಲ ಮನೆಯನ್ನು ಹೆಣೆಯದೆ ಹಾಗೇ ದಾಟಿಸಿದರೆ ಅಂಚು ಚೆನ್ನಾಗಿ ಬರುತ್ತದೆ. 8 ಅಂಗುಲದ ಚೌಕವಾದರೆ ಅಡ್ಡಕ್ಕೆ 6, ಉದ್ದಕ್ಕೆ 8, ಒಟ್ಟು 48 ಬೇಕು. 4 ಅಡಿ ಅಗಲ, 5 ಅಡಿ 4 ಅಂಗುಲ ಉದ್ದದ ಹೊದಿಕೆಯಾಗುತ್ತದೆ. ಎಲ್ಲವನ್ನೂ ದಪ್ಪ ಸೂಜಿಯಿಂದ ಜೋಡಿಸಿ.

ಹೊಸ ಉಲ್ಲನ್ನೇ ಬೇಕೆಂದಿಲ್ಲ. ಮಕ್ಕಳಿಗೆ ಚಿಕ್ಕದಾದ ಕೈಹೆಣಿಗೆಯ ಸ್ವೆಟರ್ ಬಿಚ್ಚಿ, ದಾರವನ್ನು ಲಡಿ ಸುತ್ತಿ ತೊಳೆದು ಒಣಗಿಸಿದರೆ ಸುರುಳಿ ಬಿಡುತ್ತದೆ. ದಾರದ ದಪ್ಪ ಮಾತ್ರ ಒಂದೇ ಇರಲಿ. ಹೊದಿಕೆ ಒಗೆಯಲು ಬಿಸಿನೀರು ಬೇಡ. ಹಿಂಡದೆ, ನೆರಳಲ್ಲಿ ಚಾಪೆಯ ಮೇಲೆ ಹರಡಿ.

ಸುಮ್ಮನೆ ಕೂತರೆ ನಮಗೇ ಸಂಕೋಚ, ನೋಡುವವರಿಗೂ ಒಂದು ಮಾತು. ಕೈಯಲ್ಲಿ ಕಡ್ಡಿ ಇದ್ದರೆ ಯಾರೂ ಏನೂ ಅನ್ನುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಸಾಕು. ಅದು ನಿಮ್ಮದೇ ಅರ್ಧ ಗಂಟೆ.