ಮಳೆಗೆ ಮುನ್ನ ಒಂದು ಸೂಜಿ

ಮುಂಬಯಿ ಸಮೀಪದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಹೊಗೆಗೆ ಒಗ್ಗಿಹೋಗಿ, ಕೆಮ್ಮನ್ನು ರೋಗವೆಂದೇ ಎಣಿಸದ ನಮ್ಮ ಜನರು ಫ್ಲೂ ಲಸಿಕೆಯ ಮಾತಿಗೆ ನಕ್ಕರೆ ಅದು ಸಹಜವೇ ಸರಿ. ಆದರೆ 1918ರ ಜೂನ್‌ನಲ್ಲಿ ಮುಂಬಯಿ ಬಂದರಿನಲ್ಲಿ ತಲೆದೋರಿ, ರೈಲುಮಾರ್ಗ ಹಿಡಿದು ದೇಶವನ್ನೆಲ್ಲ ವ್ಯಾಪಿಸಿ, ಕೋಟಿಗೂ ಮಿಗಿಲಾದ ಪ್ರಾಣಗಳನ್ನು ಅಪಹರಿಸಿದ ಜ್ವರವು ಇದೇ ಫ್ಲೂ ಕುಲದ್ದೆಂಬುದನ್ನು, ಲೋಕಲ್ ಗಾಡಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವವರು ಮರೆಯಲಾಗದು. ವೈರಾಣುವು ನಿರಂತರ ವೇಷ ಬದಲಿಸುವುದರಿಂದ ಲಸಿಕೆಯನ್ನು ಪ್ರತಿವರ್ಷವೂ ಹಾಕಿಸಬೇಕು. ಅದು ಸೋಂಕನ್ನು ಸಂಪೂರ್ಣ ತಡೆಯದಿದ್ದರೂ ಉಗ್ರತೆಯನ್ನು ಕುಂದಿಸುವುದು. ರಕ್ಷಣೆ ಮೂಡಲು ಸುಮಾರು ಎರಡು ವಾರ ಹಿಡಿಯುವುದರಿಂದ, ಮಳೆಗಾಲದಲ್ಲಿ ಫ್ಲೂ ಹೆಚ್ಚುವ ಈ ಸೀಮೆಗೆ ಮೇ ತಿಂಗಳೇ ಪ್ರಶಸ್ತ. ವೃದ್ಧರು, ಗರ್ಭಿಣಿಯರು, ಮಧುಮೇಹ-ಉಬ್ಬಸವುಳ್ಳವರು ವೈದ್ಯರನ್ನು ಕೇಳಿ ಹಾಕಿಸಿಕೊಳ್ಳುವುದೇ ಲೇಸೆಂದು ನನ್ನ ಮತ. ದೃಢಕಾಯರಾದ ತರುಣರು, ಮನೆಯಲ್ಲಿ ಅಂಥವರಿಲ್ಲದಿದ್ದರೆ, ವೆಚ್ಚವನ್ನು ತೂಗಿ ನೋಡಲಿ. ಗುತ್ತಿಗೆ ಕಾರ್ಮಿಕರ ಮಟ್ಟಿಗಂತೂ ಆ ವೆಚ್ಚವನ್ನು ಕಾರ್ಖಾನೆಯೇ ಭರಿಸುವುದು ನ್ಯಾಯ.